ಬಾಗಿಲು ಹಾಕುವ ಹೊತ್ತು

“ಬಾಗಿಲು! ಅತ್ತೆ, ಬಾಗಿಲು ಹಾಕಿ!”

ಅತ್ತೆಯ ಬೆರಳು ಕೀ ಮೇಲೆಯೇ ಇತ್ತು, ಒತ್ತಲಿಲ್ಲ. ಲ್ಯಾಪ್‌ಟಾಪಿನ ಪರದೆಯ ಎಡಗಡೆ ಗೋಧಿ ಹೊಲದಿಂದ ಇನ್ನೂ ನಾಲ್ಕು ಜನ ಕೋಟೆಯ ಕಡೆಗೆ ಓಡಿ ಬರುತ್ತಿದ್ದರು. ಒಬ್ಬನ ತಲೆಯ ಮೇಲೆ ಮೂಟೆ ಬೇರೆ. ಅವರ ಹಿಂದೆ ಧೂಳು, ಧೂಳಿನ ಒಳಗೆ ಕುದುರೆಗಳು.

“ಬಂದ್ರು ಕಣೇ, ಇನ್ನೇನು ಬಂದೇಬಿಟ್ರು,” ಎಂದರು ಅತ್ತೆ.

ಬಂದರು, ಅದರಲ್ಲಿ ಸುಳ್ಳಿಲ್ಲ. ಮೂಟೆಯವನೂ ಬಂದ. ಅವನ ಬೆನ್ನಿಗೇ ಇನ್ನೂರು ಮಂಗೋಲ್ ಸವಾರರೂ ಬಂದರು. ಮೊದಲು ಕಣಜಕ್ಕೆ ಬೆಂಕಿ ಬಿತ್ತು, ಆಮೇಲೆ ಸಂತೆಬೀದಿಗೆ, ಆಮೇಲೆ ಯಾವುದಕ್ಕೆ ಬಿತ್ತು ಎಂದು ನೋಡುವ ಉಸಾಬರಿಯನ್ನು ಇಬ್ಬರೂ ಬಿಟ್ಟರು. ‘ನಿಮ್ಮ ಕೋಟೆ ಬಿದ್ದಿದೆ’ ಎಂಬ ಕೆಂಪು ಅಕ್ಷರ ಪರದೆಯ ತುಂಬ ಹರಡಿಕೊಂಡಿತು.

ಸೊಸೆ ಹೆಡ್‌ಫೋನ್ ತೆಗೆದು ಊಟದ ಮೇಜಿನ ಮೇಲೆ ಇಟ್ಟಳು. ಮೆಲ್ಲಗೆ ಇಟ್ಟಳು. ಸಿಟ್ಟು ಬಂದಾಗ ಆಕೆ ಎಲ್ಲವನ್ನೂ ಮೆಲ್ಲಗೇ ಇಡುತ್ತಾಳೆ, ಅದೇ ಗುರುತು.

“ಮುಂದಿನ ಭಾನುವಾರ ಫೈನಲ್ಲು ಅತ್ತೆ.”

“ಗೊತ್ತಮ್ಮ.”

“ಸೈಕಲ್ ಅಂಗಡಿಯವರು ಇದಕ್ಕೇ ಕಾಯ್ಕೊಂಡಿರ್ತಾರೆ.”

“ಅದೂ ಗೊತ್ತು. ಏನ್ ಮಾಡ್ಲಿ ಹೇಳು, ಕೈ ಬರಲ್ಲ.”

ಮಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಬ್ರೆಡ್ಡು ತಿನ್ನುತ್ತಿದ್ದ. ಅವನು ಲಿಫ್ಟ್ ಮೆಕ್ಯಾನಿಕ್. ಭಾನುವಾರವೂ ಯಾವ ಹೊತ್ತಿಗೆ ಯಾರು ಎಲ್ಲಿ ಸಿಕ್ಕಿಹಾಕಿಕೊಂಡು ಫೋನ್ ಮಾಡುತ್ತಾರೋ ಎಂದು ನಿಂತೇ ತಿನ್ನುವ ಅಭ್ಯಾಸ. “ಲಿಫ್ಟ್ ಬಾಗಿಲಿಗೆ ಒಂದು ಸೆನ್ಸರ್ ಇರತ್ತೆ,” ಎಂದ. “ಮುಚ್ಕೊಳ್ತಿರೋವಾಗ ಯಾರದಾದ್ರೂ ಕೈ ಅಡ್ಡ ಬಂದ್ರೆ ತಾನೇ ತೆರೆದುಕೊಳ್ಳತ್ತೆ. ನಮ್ಮಮ್ಮಂಗೆ ಹುಟ್ಟಿದಾಗ್ಲೇ ಅದನ್ನ ಕೂರಿಸಿ ಕಳ್ಸಿದಾರೆ. ಅದನ್ನ ಕಿತ್ತು ಹಾಕೋಕೆ ನನ್ನ ಕೈಲೂ ಆಗಲ್ಲ.”

ಸೊಸೆ ನಗಲಿಲ್ಲ. ಅತ್ತೆ ನಗಬೇಕೋ ಬೇಡವೋ ಎಂದು ಸೊಸೆಯ ಮುಖ ನೋಡಿ, ಬೇಡವೆಂದು ತೀರ್ಮಾನಿಸಿದರು.

ಮಗ ಹೇಳಿದ್ದು ತಮಾಷೆಗೇ ಆದರೂ ತಪ್ಪೇನಿರಲಿಲ್ಲ. ಅತ್ತೆ ಮೂವತ್ತೊಂದು ವರ್ಷ ನರ್ಸಿಂಗ್ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆಮನೆಯ ಯಜಮಾನಿಕೆ ನಡೆಸಿದವರು. ಇನ್ನೂರ ನಲವತ್ತು ಹುಡುಗಿಯರು, ಆರು ದೊಡ್ಡ ಒಲೆ, ಒಂದು ಬಡಿಸುವ ಕಿಟಕಿ. ಮಧ್ಯಾಹ್ನದ ಊಟದ ಕಿಟಕಿ ಎರಡೂವರೆಗೆ ಮುಚ್ಚತಕ್ಕದ್ದು ಎಂದು ವಾರ್ಡನ್ ಬರೆಸಿದ್ದ ಬೋರ್ಡು ಆ ಕಿಟಕಿಯ ಪಕ್ಕದಲ್ಲೇ ತೂಗುತ್ತಿತ್ತು. ಅಲ್ಲ, ಬೋರ್ಡು ನೋಡಿ ಯಾರಿಗಾದರೂ ಹಸಿವು ನಿಲ್ಲುತ್ತದೆಯೇ? ವಾರ್ಡಿನಲ್ಲಿ ಡ್ರೆಸ್ಸಿಂಗ್ ಮುಗಿಸಿಕೊಂಡು, ಯಾರದೋ ಡ್ರಿಪ್ಪು ಬದಲಿಸಿಕೊಂಡು ಮೂರೂಕಾಲಿಗೆ ಏದುಸಿರು ಬಿಡುತ್ತ ಓಡಿ ಬರುವ ಹುಡುಗಿಯರು ಇದ್ದೇ ಇರುತ್ತಿದ್ದರು. ಅತ್ತೆ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಎಷ್ಟು ಹುಡುಗಿಯರೋ ಅಷ್ಟೇ ತಟ್ಟೆ, ಬೋರಲು ಹಾಕಿ ಸಾಲಾಗಿ ಇಡುವುದು. ಬೋರಲು ತಟ್ಟೆ ಒಂದು ಉಳಿದಿದ್ದರೂ ಕಿಟಕಿ ಮುಚ್ಚುವ ಹಾಗಿಲ್ಲ. ಈ ವಿಷಯಕ್ಕೆ ನಾಲ್ಕು ವಾರ್ಡನ್ನುಗಳ ಜೊತೆ ಜಗಳವಾಡಿದರು. ನಾಲ್ವರೂ ಬದಲಾದರು, ಅತ್ತೆ ಇದ್ದ ಹಾಗೇ ಇದ್ದರು.

ನಿವೃತ್ತಿಯಾಗಿ ಮಗನ ಮನೆಗೆ ಬಂದು ಏಳು ತಿಂಗಳಾಗಿತ್ತು. ಸೊಸೆ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಎದುರಿಗೆ ಕೂತವರಿಗೆ ಒಂದೊಂದೇ ಗಾಜು ಹಾಕಿ “ಇದರಲ್ಲಿ ಚೆನ್ನಾಗಿ ಕಾಣತ್ತಾ, ಇದರಲ್ಲಾ?” ಎಂದು ದಿನಕ್ಕೆ ನೂರು ಸಲ ಕೇಳುವ ತಾಳ್ಮೆ ಇದ್ದವಳು. ಆ ತಾಳ್ಮೆ ಮನೆಗೂ ಬರುತ್ತಿತ್ತು. “ಟೀ ಮಾಡ್ಲಾ ಅತ್ತೆ?” “ನೀನು ಕುಡಿಯೋದಾದ್ರೆ ಮಾಡಮ್ಮ.” “ನೀವು ಕುಡಿಯೋದಾದ್ರೆ ಮಾಡ್ತೀನಿ.” ಹೀಗೆ ಒಂದು ಲೋಟ ಟೀಗೆ ಐದು ನಿಮಿಷದ ಮರ್ಯಾದೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಕೋಪವಿರಲಿಲ್ಲ, ದೂರಿರಲಿಲ್ಲ. ಜಗಳವಾಡುವಷ್ಟು ಸಲಿಗೆಯೇ ಇರಲಿಲ್ಲ ಎನ್ನುವುದು ಸರಿ. ಇನ್ನೂರ ನಲವತ್ತು ಹುಡುಗಿಯರ ಬಾಯಲ್ಲಿ ‘ದೊಡ್ಡಮ್ಮ, ದೊಡ್ಡಮ್ಮ’ ಎಂದು ಕರೆಸಿಕೊಂಡಿದ್ದ ಹೆಂಗಸು ಸೊಸೆಯ ಮನೆಯಲ್ಲಿ ನೆಂಟರ ಹಾಗೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು.

ಇದೆಲ್ಲ ಬದಲಾಗಿದ್ದು ಬಟಾಣಿ ಬಿಡಿಸುತ್ತ ಕೂತಿದ್ದ ಒಂದು ಭಾನುವಾರ.

ಸೊಸೆಗೆ ಒಂದು ಹುಚ್ಚಿತ್ತು. ‘ಕುದುರೆ ಮತ್ತು ಕೋಟೆ’ ಎಂಬ ಕಂಪ್ಯೂಟರ್ ಆಟ. ಎಂಟುನೂರು ವರ್ಷದ ಹಿಂದಿನ ಕಾಲ. ಒಂದು ಕಡೆ ಕುದುರೆ ಏರಿ ಬರುವ ಮಂಗೋಲರು, ಇನ್ನೊಂದು ಕಡೆ ಗೋಡೆ ಕಟ್ಟಿಕೊಂಡು ಕೂತ ಊರು. ಎರಡೂ ಕಡೆ ಇಬ್ಬಿಬ್ಬರು ಆಡಬೇಕು. ನಲವತ್ತು ನಿಮಿಷ ಊರು ಬೀಳದಿದ್ದರೆ ಊರಿನವರು ಗೆದ್ದ ಹಾಗೆ, ಬಿದ್ದರೆ ಕುದುರೆಯವರು. ಬಡಾವಣೆಯ ಲೈಬ್ರರಿಯ ಮೇಲಿನ ಮಹಡಿಯಲ್ಲಿ ಪ್ರತಿ ವರ್ಷ ಇದರ ಪಂದ್ಯಾವಳಿ. ಗೆದ್ದ ಜೋಡಿಯ ಹೆಸರನ್ನು ಮೆಟ್ಟಿಲ ಪಕ್ಕದ ಮರದ ಹಲಗೆಯ ಮೇಲೆ ಬರೆಸುತ್ತಾರೆ. ಸೊಸೆ ಮೂರು ವರ್ಷ ಸಾಲಾಗಿ ಫೈನಲ್ ತಲುಪಿ ಮೂರು ವರ್ಷವೂ ಸೋತಿದ್ದಳು, ಮೂರು ಸಲವೂ ಸೈಕಲ್ ಅಂಗಡಿಯ ಅಣ್ಣತಮ್ಮಂದಿರ ಕೈಲೇ. ಆ ಹಲಗೆಯ ಮೇಲೆ ತನ್ನ ಹೆಸರು ನೋಡಬೇಕೆಂಬ ಆಸೆ ಆಕೆಗೆ ಎಷ್ಟಿತ್ತೆಂದರೆ, ಲೈಬ್ರರಿಗೆ ಹೋದಾಗ ಆ ಕಡೆ ತಲೆಯೆತ್ತಿ ನೋಡುತ್ತಲೇ ಇರಲಿಲ್ಲ.

ಆಕೆಯ ಜೊತೆಗಾತಿ ಹಲ್ಲಿನ ಡಾಕ್ಟರ ಬಳಿಯ ರಿಸೆಪ್ಷನಿಸ್ಟ್. ಬಸುರಿಯಾಗಿದ್ದ ಆ ಗೆಳತಿಗೆ ಏಳು ತಿಂಗಳು ತುಂಬುತ್ತಲೂ ಡಾಕ್ಟರು ಮಲಗಿದಲ್ಲಿಂದ ಏಳಬೇಡ ಎಂದುಬಿಟ್ಟರು. ಆ ಭಾನುವಾರ ಸೊಸೆ ಊಟದ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡೂ ಕೈಯಲ್ಲಿ ಇಬ್ಬರ ಆಟ ಆಡಲು ಹೋಗಿ ಒದ್ದಾಡುತ್ತಿದ್ದಳು. ಪಕ್ಕದಲ್ಲಿ ಬಟಾಣಿ ಬಿಡಿಸುತ್ತಿದ್ದ ಅತ್ತೆ ಓರೆಗಣ್ಣಲ್ಲಿ ಪರದೆ ನೋಡುತ್ತಲೇ ಇದ್ದರು. ಆಮೇಲೆ ತಡೆಯಲಾಗಲಿಲ್ಲ.

“ಒಂದು ಮಾತು ಹೇಳ್ಲಾ? ಬೇಜಾರ್ ಮಾಡ್ಕೋಬೇಡ.”

“ಹೇಳಿ ಅತ್ತೆ.”

“ನಿನ್ನ ಊರಲ್ಲಿ ಅಷ್ಟೊಂದು ಜನ ಇದ್ದಾರೆ. ಕಾಳು ತುಂಬೋಕೆ ಇರೋದು ಎರಡೇ ಕಣಜ. ಅದೂ ಎರಡೂ ಬಾಗಿಲ ಹತ್ರ. ಯಾರ್ ಕಟ್ಟಿದ್ದು ಅದನ್ನ?”

ಸೊಸೆ ತಿರುಗಿ ನೋಡಿದಳು.

“ಆಮೇಲೆ ಆ ಒಲೆ ಮನೆ, ಅದು ಖಾಲಿ ಆದ್ಮೇಲೆ ನೀನು ಹೊಸದಾಗಿ ಕಾಳು ಕಳಿಸ್ತಿದ್ದೀಯ. ಹಾಗೆ ಮಾಡ್ಬಾರ್ದು. ಒಂದು ಪಾತ್ರೆ ಇಳಿಯೋ ಮುಂಚೆ ಇನ್ನೊಂದು ಒಲೆ ಮೇಲೆ ಇರ್ಬೇಕು. ಮಧ್ಯ ಬಿಡುವು ಕೊಟ್ಟೆಯೋ, ಕ್ಯೂ ನಿಂತೋರು ನಿನ್ನ ತಿಂದು ಹಾಕ್ತಾರೆ.”

ಸೊಸೆ ಎರಡನೆಯ ಲ್ಯಾಪ್‌ಟಾಪನ್ನು ತಿರುಗಿಸಿ ಅತ್ತೆಯ ಮುಂದಕ್ಕೆ ತಳ್ಳಿದಳು. ಬಟಾಣಿಯ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ಈ ಆಟದಲ್ಲಿ ನಿನ್ನ ಸರದಿ, ನನ್ನ ಸರದಿ ಎಂಬುದಿಲ್ಲ. ಎಲ್ಲ ಕಡೆಯೂ ಎಲ್ಲವೂ ಒಟ್ಟಿಗೇ ನಡೆಯುತ್ತದೆ, ಅದೇ ಹೊಸಬರಿಗೆ ಕಷ್ಟ ಎಂದು ವಿವರಿಸಿದಳು. “ಅದರಲ್ಲೇನಿದೆ?” ಎಂದರು ಅತ್ತೆ. “ಹಾಲು ಉಕ್ಕೋವಾಗ ನಿನ್ನ ಸರದಿ ಬರ್ಲಿ ಅಂತ ಕಾಯತ್ತಾ?”

ಹೀಗೆ ಅತ್ತೆ ಊರೊಳಗಿನ ಪಾರುಪತ್ಯ ವಹಿಸಿಕೊಂಡರು: ಹೊಲ, ಕಣಜ, ಒಲೆ, ಬಾವಿ, ಜನ, ಬಾಗಿಲು. ಸೊಸೆಗೆ ಸೈನ್ಯ. ಮೊದಲ ಪಂದ್ಯದಲ್ಲಿ ಎದುರಾಳಿಗಳು ಮುತ್ತಿಗೆ ಹಾಕಿ, ಊರು ಹಸಿದು ಸಾಯಲಿ ಎಂದು ಕೂತರು. ಕೂತೇ ಇದ್ದರು. ಅತ್ತೆಯ ಊರು ನಲವತ್ತು ನಿಮಿಷ ಉಂಡು, ತೇಗಿ, ಇನ್ನೂ ಎರಡು ಕಣಜ ಮಿಗಿಸಿಕೊಂಡಿತ್ತು. ಅತ್ತೆ ತಮ್ಮ ಪ್ರಜೆಗಳಿಗೆ ಹೆಸರೂ ಇಟ್ಟರು: ದೊಡ್ಡ ಟೋಪಿ, ಸೊಟ್ಟಗಾಲ, ಬಾವಿಕಟ್ಟೆ ಗಂಗಮ್ಮ. ಭಾನುವಾರ ಬಂದರೆ ಬೆಳಿಗ್ಗೆಯಿಂದಲೇ ಉತ್ಸಾಹ. ಸೊಸೆ ಕೆಲಸದಿಂದ ಬಂದವಳು ಚಪ್ಪಲಿ ಬಿಡುತ್ತಲೇ “ಅತ್ತೆ, ಒಂದು ಉಪಾಯ ಹೊಳೀತು,” ಎನ್ನುವುದು, ಅತ್ತೆ ಲೋಟ ಒರೆಸುತ್ತಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಬಂದು ಕೂರುವುದು. ಈಗ ಟೀಗೆ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ, ಎರಡು ಲೋಟ ಬರುತ್ತಿತ್ತು, ಅಷ್ಟೇ.

ಎಲ್ಲ ಚೆನ್ನಾಗಿತ್ತು, ಬಾಗಿಲೊಂದು ಬಿಟ್ಟು. ಕುದುರೆಯವರು ಬರುವಾಗ ಗಂಟೆ ಹೊಡೆದರೆ ಹೊಲದಲ್ಲಿದ್ದ ಜನ ಊರಿಗೆ ಓಡಿ ಬರುತ್ತಾರೆ. ಆದರೆ ಎಲ್ಲರೂ ಬರುವವರೆಗೆ ಕಾಯುವ ಹಾಗಿಲ್ಲ. ಕೊನೆಯ ಹತ್ತು ಹನ್ನೆರಡು ಜನರನ್ನು ಹೊರಗೇ ಬಿಟ್ಟು ಬಾಗಿಲು ಹಾಕಬೇಕು. ಆಟ ಬಲ್ಲವರೆಲ್ಲ ಕಣ್ಣು ಮಿಟುಕಿಸದೆ ಹಾಗೇ ಮಾಡುತ್ತಾರೆ. ಅತ್ತೆಯ ಕೈಲಿ ಅದು ಆಗಲಿಲ್ಲ. ಸೆಮಿಫೈನಲ್‌ವರೆಗೆ ಸೊಸೆ ಬಾಗಿಲ ಬಳಿ ಭರ್ಜಿಯವರನ್ನು ನಿಲ್ಲಿಸಿ ಹೇಗೋ ಸಂಭಾಳಿಸಿದ್ದಳು. ಸೈಕಲ್ ಅಂಗಡಿಯವರ ಮುಂದೆ ಆ ಬೇಳೆ ಬೇಯುವುದಿಲ್ಲ. ಅವರು ಜನರನ್ನು ಕೊಲ್ಲುವುದೇ ಇಲ್ಲ. ಕುರಿ ಮಂದೆ ಅಟ್ಟಿದ ಹಾಗೆ ಮೆಲ್ಲಗೆ ಬಾಗಿಲ ಕಡೆಗೆ ಅಟ್ಟಿಕೊಂಡು, ಆ ಜನರ ಮರೆಯಲ್ಲೇ ಒಳಗೆ ನುಗ್ಗುತ್ತಾರೆ. ಅತ್ತೆಯ ಆಟವನ್ನು ಅವರು ಹಿಂದಿನ ಸಾಲಿನಲ್ಲಿ ಕೂತು ಎರಡು ವಾರ ನೋಡಿಕೊಂಡು ಹೋಗಿದ್ದರು ಬೇರೆ.

ಅತ್ತೆಗೆ ಇದೆಲ್ಲ ತಿಳಿಯುತ್ತಿತ್ತು. ತಮ್ಮಿಂದ ಆ ಹುಡುಗಿಯ ಹೆಸರು ನಾಲ್ಕನೆಯ ವರ್ಷವೂ ಹಲಗೆಯ ಮೇಲೆ ಬರದೇ ಹೋದರೆ ಎಂದು ನೆನೆದರೇ ಕೈಯಲ್ಲಿದ್ದ ಕೆಲಸ ಮರೆತುಹೋಗುತ್ತಿತ್ತು. ಇನ್ನೊಂದು ಮಾತೂ ಇತ್ತು, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ರಿಸೆಪ್ಷನಿಸ್ಟಿಗೆ ಹೆರಿಗೆಯಾಗಿತ್ತು, ಹೆಣ್ಣು ಮಗು. ಮುಂದಿನ ಸಲಕ್ಕೆ ಆಕೆ ಬರುತ್ತಾಳೆ. ಈ ಕುರ್ಚಿ ಇನ್ನೊಂದು ಭಾನುವಾರಕ್ಕೆ ಮಾತ್ರ. ಕೊನೆಯ ಭಾನುವಾರವೇ ಸೋಲಿಸಿಬಿಟ್ಟರೆ, ಆಮೇಲೆ ಸೊಸೆ ಮತ್ತೆ “ಟೀ ಮಾಡ್ಲಾ ಅತ್ತೆ?” ಎಂದು ಕೇಳತೊಡಗಿದರೆ?

ಬುಧವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅತ್ತೆ ಒಬ್ಬರೇ ಕೂತು ಕಂಪ್ಯೂಟರಿನ ಎದುರು ಆಡಿದರು. ಗಂಟೆ ಹೊಡೆದರು. ಕುದುರೆಗಳು ಗುಡ್ಡದ ಈಚೆಗೆ ಕಾಣಿಸಿಕೊಂಡ ಕೂಡಲೇ ಹಲ್ಲು ಕಚ್ಚಿಕೊಂಡು ಕೀ ಒತ್ತಿಯೇಬಿಟ್ಟರು. ಬಾಗಿಲು ಹಾಕಿಕೊಂಡಿತು. ಸಂಜೆ ಸೊಸೆ ಬಂದಾಗ ಅವರು ಪರದೆಯ ಮುಂದೆಯೇ ಕೂತಿದ್ದರು.

“ಹಾಕ್ದೆ ಕಣೇ. ಗೆದ್ದೆ.”

“ನಿಜವಾಗ್ಲೂ? ಅತ್ತೆ!” ಸೊಸೆ ಕೈಚೀಲವನ್ನು ಎಸೆದೇಬಿಟ್ಟಳು. “ನೋಡಿದ್ರಾ, ನಾನ್ ಹೇಳ್ಲಿಲ್ವಾ ನಿಮ್ ಕೈಲಾಗತ್ತೆ ಅಂತ?”

“ಹೂಂ.” ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಬಾಗಿಲು ಹಾಕಿದ್ಮೇಲೆ ಹೊರಗೆ ಇರೋರು ಏನ್ ಮಾಡ್ತಾರೆ ಗೊತ್ತಾ ನಿಂಗೆ? ನೀನು ಸೈನ್ಯ ನೋಡ್ತಿರ್ತೀಯ, ನೋಡಿರಲ್ಲ. ಮೊದ್ಲು ಬಾಗಿಲು ತಟ್ತಾರೆ. ಎರಡು ಮೂರು ಸಲ. ಆಮೇಲೆ ಕೂತ್ಕೊಂಡ್ಬಿಡ್ತಾರೆ. ಸುಮ್ನೆ, ಗೋಡೆಗೆ ಒರಗಿ.”

ಸೊಸೆ ಎಸೆದ ಕೈಚೀಲವನ್ನು ಎತ್ತಿ ಕುರ್ಚಿಗೆ ತೂಗುಹಾಕಿದಳು.

“ಆಟನೇ, ನಂಗೂ ಗೊತ್ತು. ನಾನೇನು ಮಗು ಅಲ್ಲ. ಭಾನುವಾರ ಹಾಕ್ತೀನಿ, ನೀನೇನೂ ಯೋಚ್ನೆ ಮಾಡ್ಬೇಡ.” ಹೇಳುವಾಗ ಅವರ ದನಿ ಗಟ್ಟಿಯಾಗಿಯೇ ಇತ್ತು. ಮಧ್ಯಾಹ್ನ ಊಟ ಮಾಡಿರಲಿಲ್ಲ ಎಂಬುದು ಮಾತ್ರ ಒಲೆಯ ಮೇಲೆ ಮುಚ್ಚಿಟ್ಟ ಪಾತ್ರೆ ನೋಡಿದ ಸೊಸೆಗೆ ಗೊತ್ತಾಯಿತು. ಮೂವತ್ತೊಂದು ವರ್ಷ ಊರಿಗೆಲ್ಲ ಬಡಿಸಿದ ಹೆಂಗಸು ಊಟ ಬಿಟ್ಟು ಕೂತಿದ್ದನ್ನು ಆಕೆ ಹಿಂದೆ ಕಂಡಿರಲಿಲ್ಲ. ಪಾತ್ರೆಯನ್ನು ಬಿಸಿ ಮಾಡಿ ತಟ್ಟೆಗೆ ಹಾಕಿ ತಂದು ಮುಂದಿಟ್ಟಳು.

“ಬಾಗಿಲು ನಂಗೆ ಬಿಡಿ,” ಎಂದಳು. “ನೀವು ಒಲೆ ನೋಡ್ಕೊಳ್ಳಿ. ಆ ಕಡೆ ತಿರುಗೂ ನೋಡ್ಬೇಡಿ. ನಾನು ಹಾಕ್ತೀನಿ.”

“ನಿಂಗೆ ಸೈನ್ಯದ ಕೆಲಸನೇ ಬೇಕಾದಷ್ಟಿರತ್ತೆ.”

“ಒಂದು ಕೀ ತಾನೇ ಅತ್ತೆ. ನಂಗೇನೂ ಅನ್ಸಲ್ಲ, ನಾಲ್ಕು ವರ್ಷದಿಂದ ಹಾಕ್ತಿದೀನಿ. ಊಟ ಮಾಡಿ.”

ಅತ್ತೆ ಊಟ ಮಾಡಿದರು. ಮನಸ್ಸು ಹಗುರವಾಗಿತ್ತು, ಸುಳ್ಳೇಕೆ.

ಭಾನುವಾರ ಮೂರು ಗಂಟೆಗೆ ಲೈಬ್ರರಿಯ ಮೇಲಿನ ಮಹಡಿ ತುಂಬಿತ್ತು. ಅಲ್ಲಿಯ ಲೈಬ್ರರಿಯನ್ ಎಂಥವರೆಂದರೆ, ಕೆಳಗೆ ಓದುವವರಿಗೆ ತೊಂದರೆಯಾಗಬಾರದೆಂದು ಇಡೀ ಪಂದ್ಯಾವಳಿಯನ್ನು ಪಿಸುಮಾತಿನಲ್ಲಿ ನಡೆಸುವವರು. ಸ್ಪೀಕರ್ ಇಲ್ಲ, ಚಪ್ಪಾಳೆ ಇಲ್ಲ, ಸೀನು ಬಂದರೆ ಹೊರಗೆ ಹೋಗಬೇಕು. ಲಕ್ಷಾಂತರ ಜನರನ್ನು ನಡುಗಿಸಿದ ದಂಡಯಾತ್ರೆ ಅಲ್ಲಿ ಮೌಸಿನ ಟಿಕ್ ಟಿಕ್ ಸದ್ದಿನಲ್ಲೇ ನಡೆದುಹೋಗುತ್ತಿತ್ತು. ಆಟ ಶುರುವಾಗುವ ಮುಂಚೆ ಯಾರ ಕೈಯಲ್ಲಿ ಏನಿದೆ ಎಂದು ಚೀಟಿ ಬರೆದು ಕೊಡಬೇಕು. ಲೈಬ್ರರಿಯನ್ ಚೀಟಿಯನ್ನು ಎದುರಾಳಿಗಳಿಗೂ ತೋರಿಸಿದರು. ‘ಬಾಗಿಲು’ ಎಂಬಲ್ಲಿ ಸೊಸೆಯ ಹೆಸರು ನೋಡಿ ಸೈಕಲ್ ಅಂಗಡಿಯ ಅಣ್ಣ ತನ್ನ ತಮ್ಮನ ಮುಖ ನೋಡಿದ. ತಮ್ಮ ಕುತ್ತಿಗೆ ಕೆರೆದುಕೊಂಡ. ಎರಡು ವಾರದ ಯೋಜನೆ ನೀರುಪಾಲಾಗಿತ್ತು.

ಮೊದಲ ಹತ್ತು ನಿಮಿಷ ಅತ್ತೆ ಹಾಸ್ಟೆಲ್ಲಿನ ದಿನಗಳಿಗಿಂತ ಚುರುಕಾಗಿ ಕೆಲಸ ಮಾಡಿದರು. ಒಂಬತ್ತು ಕಣಜ, ಎಲ್ಲವೂ ಊರಿನ ನಡುಮಧ್ಯೆ. ಎರಡು ಬಾವಿ. ಬೆಂಕಿ ಬಿದ್ದರೆ ಇರಲಿ ಎಂದು ಒಲೆಮನೆಗಳನ್ನು ದೂರ ದೂರ ಕಟ್ಟಿಸಿದರು. ಹನ್ನೊಂದನೆಯ ನಿಮಿಷ ಅಣ್ಣನ ಸವಾರರು ಉತ್ತರದ ಗುಡ್ಡದಿಂದ ಇಳಿದರು. ಸೊಸೆಯ ಬಿಲ್ಲುಗಾರರು ಬಾಣ ಬಿಟ್ಟರು. ಸವಾರರು ಸ್ವಲ್ಪ ಹೊತ್ತು ಸುತ್ತಾಡಿ, ಹೆದರಿದವರ ಹಾಗೆ ತಿರುಗಿ ಓಡಿಹೋದರು. “ನಾಟಕ,” ಎಂದು ಸೊಸೆ ಪಿಸುಗುಟ್ಟಿದಳು. “ನಾನು ಬೆನ್ನು ಹತ್ತಲ್ಲ. ಅತ್ತೆ, ಹೊಳೆ ಕಡೆ ಹೊಲದಲ್ಲಿ ಕೊಯ್ಲು ಎಷ್ಟು ಬಾಕಿ?”

“ಒಂದೇ ಹೊಲ. ಮೂವತ್ತು ಜನ ಇದ್ದಾರೆ. ಅದು ಬಂದ್ಬಿಟ್ರೆ ನಲವತ್ತು ನಿಮಿಷ ಅಲ್ಲ, ನಾಲ್ಕು ವರ್ಷ ಕೂರ್ಬಹುದು.”

“ಬೇಗ ತರ್ಸಿ.”

ಹದಿನಾಲ್ಕನೆಯ ನಿಮಿಷ ತಮ್ಮನ ಸವಾರರು ಹೊಳೆಯ ಆಚೆಯಿಂದ ಎದ್ದರು. ಓಡಿಹೋದವರ ನಾಟಕ ನಡೆಯುವಾಗಲೇ ಅವರು ಸದ್ದಿಲ್ಲದೆ ಜೊಂಡಿನ ಮರೆಯಲ್ಲಿ ಬಂದು ಕೂತಿದ್ದರು. ಅತ್ತೆ ಗಂಟೆ ಹೊಡೆದರು. ಮೂವತ್ತು ಜನ ಊರಿನ ಕಡೆ ಓಡತೊಡಗಿದರು. ಅವರ ಹಿಂದೆ, ಮುಟ್ಟದೆ, ಕೊಲ್ಲದೆ, ಅವಸರವಿಲ್ಲದೆ ಕುದುರೆಗಳು. ಹಿಂದಿನ ಸಾಲಿನಲ್ಲಿ ಯಾರೋ ಉಸಿರು ಎಳೆದುಕೊಂಡರು. ಲೈಬ್ರರಿಯನ್ ತಿರುಗಿ ನೋಡಿದರು.

ಅತ್ತೆ ತಮಗೆ ಹೇಳಿದ ಹಾಗೆ ಆ ಕಡೆ ನೋಡಲಿಲ್ಲ. ಪರದೆಯನ್ನು ಊರೊಳಗೆ ತಂದುಕೊಂಡು ಒಲೆಮನೆಯ ಮೇಲೆ ಕಣ್ಣಿಟ್ಟರು. ಮೂರನೆಯ ಒಲೆಗೆ ಕಾಳು ಹಾಕಿಸಿದರು. ಈಗ ಬಾಗಿಲು ಹಾಕಿಕೊಳ್ಳುತ್ತದೆ ಎಂದು ಕಾದರು. ಹೆಡ್‌ಫೋನಿನಲ್ಲಿ ಆ ಸದ್ದು ಅವರಿಗೆ ಗೊತ್ತು, ಮರದ ದಿಮ್ಮಿ ಉರುಳಿದ ಹಾಗೆ. ನಾಲ್ಕನೆಯ ಒಲೆಗೂ ಹಾಕಿಸಿದರು. ಸದ್ದು ಬರಲಿಲ್ಲ.

ತಡೆಯಲಾರದೆ ಪಕ್ಕಕ್ಕೆ ನೋಡಿದರು. ಸೊಸೆಯ ಬೆರಳು ಕೀ ಮೇಲಿತ್ತು. ಕಣ್ಣು ಪರದೆಯಿಂದ ಅಲ್ಲಾಡುತ್ತಿರಲಿಲ್ಲ. ಇಪ್ಪತ್ತೈದು ಜನ ಒಳಗೆ ಬಂದಾಗಿತ್ತು, ಇಪ್ಪತ್ತಾರು, ಇಪ್ಪತ್ತೇಳು. ಹೊರಗೆ ಒಬ್ಬ ಮುದುಕ, ಒಬ್ಬ ಬುಟ್ಟಿಯವನು, ಎಲ್ಲರಿಗಿಂತ ಹಿಂದೆ ಆಡೊಂದನ್ನು ಎಳೆದುಕೊಂಡು ಬರುತ್ತಿರುವ ಒಬ್ಬ ಹೆಂಗಸು. ಆಡು ಬರಲೊಲ್ಲದು. ಹೆಂಗಸು ಅದನ್ನು ಬಿಡಲೊಲ್ಲಳು. ಆಟ ಮಾಡಿದ ಪುಣ್ಯಾತ್ಮರು ಯಾಕೆ ಅವಳ ಕೈಗೆ ಆ ಹಗ್ಗ ಕೊಟ್ಟರೋ!

“ಹಾಕು,” ಎಂದರು ಅತ್ತೆ. ಅವರ ಬಾಯಿಂದ ಆ ಮಾತು ಬಂದಿದ್ದು ಅವರಿಗೇ ಆಶ್ಚರ್ಯ. “ಹಾಕಮ್ಮಾ, ಹಾಕ್ಬಿಡು! ನಿನ್ನ ಹೆಸರು…”

“ತಾಳಿ ಅತ್ತೆ.”

“ಕುದುರೆ ಬಂತಲ್ಲೇ!”

“ಬುಟ್ಟಿಯವನು ಬಂದ. ತಾತ ಬಂದ. ಅವಳೊಬ್ಬಳು. ಅವಳೊಬ್ಬಳು ಬರ್ಲಿ.”

ಇದೆಲ್ಲ ಪಿಸುಮಾತಿನಲ್ಲೇ. ಹೆಂಗಸು ಬಂದಳು, ಆಡೂ ಬಂತು. ಸೊಸೆ ಕೀ ಒತ್ತಿದಳು. ಬಾಗಿಲು ಅರ್ಧ ಬರುವಷ್ಟರಲ್ಲಿ ಮೊದಲ ಕುದುರೆ ಅದರ ಸಂದಿಯಲ್ಲಿ ನಿಂತಿತ್ತು.

ಆಮೇಲಿನ ಆಟವನ್ನು ಆ ಲೈಬ್ರರಿಯಲ್ಲಿ ಈಗಲೂ ಹೇಳುತ್ತಾರೆ. ಬಾಗಿಲು ಒಡೆದ ಊರು ಐದು ನಿಮಿಷ ಬಾಳಿದರೆ ಹೆಚ್ಚು. ಈ ಊರು ಇಪ್ಪತ್ತೆರಡು ನಿಮಿಷ ನಿಂತಿತು. ಸೊಸೆ ಬೀದಿ ಬೀದಿಗೂ ಭರ್ಜಿಯವರನ್ನು ಅಡ್ಡ ನಿಲ್ಲಿಸಿದಳು. ಅತ್ತೆ ಒಂದೊಂದು ಬೀದಿಯ ಹಿಂದೆಯೂ ಒಂದೊಂದು ಒಲೆ ಹೂಡಿ, ಹಿಂದೆ ಸರಿದು ಬಂದ ಪ್ರತಿಯೊಬ್ಬ ಸೈನಿಕನಿಗೂ ಉಣ್ಣಿಸಿ ಮತ್ತೆ ಕಳಿಸಿದರು. “ಎಡಗಡೆ ಬೀದಿಗೆ ಊಟ,” “ಕಳ್ಸಿದೆ,” “ಬಾವಿ ಹತ್ರ ಹನ್ನೆರಡು ಜನ,” “ಆಯ್ತು, ಆಯ್ತು, ಬಂತು.” ಇಬ್ಬರ ಮುಖವೂ ಕೆಂಪೇರಿತ್ತು. ಅತ್ತೆಯ ಕನ್ನಡಕ ಮೂಗಿನ ತುದಿಗೆ ಜಾರಿದ್ದನ್ನು ಸೊಸೆ ಒಂದು ಕೈಯಿಂದ ಮೇಲಕ್ಕೆ ತಳ್ಳಿದಳು, ಇನ್ನೊಂದು ಕೈ ಮೌಸಿನ ಮೇಲೇ ಇತ್ತು. ಮೂವತ್ತಾರು ನಿಮಿಷ, ಹದಿನೆಂಟು ಸೆಕೆಂಡಿಗೆ ಕೊನೆಯ ಕಣಜ ಬಿತ್ತು, ಅದರೊಂದಿಗೆ ಊರೂ ಬಿತ್ತು. ಗೆಲ್ಲುವುದಕ್ಕೆ ಇನ್ನು ನಾಲ್ಕು ನಿಮಿಷವೂ ಬೇಕಿರಲಿಲ್ಲ.

ಯಾರೋ ಒಬ್ಬರು ಚಪ್ಪಾಳೆ ಹೊಡೆದೇಬಿಟ್ಟರು. ಲೈಬ್ರರಿಯನ್ ಬೈಯುವುದನ್ನು ಮರೆತರು.

ಸೈಕಲ್ ಅಂಗಡಿಯ ಅಣ್ಣ ಎದ್ದು ಬಂದ. ಬೆವರಿ ಅವನ ಅಂಗಿ ಬೆನ್ನಿಗೆ ಅಂಟಿತ್ತು. “ಅಜ್ಜಿ ಬಾಗಿಲು ಹಾಕಲ್ಲ ಅಂತ ಗೊತ್ತಿತ್ತು,” ಎಂದ ಸೊಸೆಗೆ. “ಚೀಟೀಲಿ ನಿಮ್ಮ ಹೆಸರು ನೋಡಿ ನಮ್ಮ ಕಥೆ ಮುಗೀತು ಅಂದ್ಕೊಂಡ್ವಿ. ನೀವ್ಯಾಕ್ರೀ ಹಾಕ್ಲಿಲ್ಲ?”

ಸೊಸೆ ಹೆಡ್‌ಫೋನಿನ ವೈರು ಸುತ್ತಿಡತೊಡಗಿದಳು.

ಮೆಟ್ಟಿಲ ಮೇಲೆ ಬರುತ್ತಲೇ ಅತ್ತೆ ಹಿಡಿದುಕೊಂಡರು. “ಏನಾಗಿತ್ತು ನಿಂಗೆ? ನಂಗೆ ಹಾಕು ಹಾಕು ಅಂತ ತಿಂಗಳುಗಟ್ಟಲೆ ಪಾಠ ಮಾಡಿ, ಹೊತ್ತಿಗೆ ಸರಿಯಾಗಿ ನೀನೇ ಹೀಗ್ ಮಾಡೋದಾ?”

“ನೀವು ಹೇಳ್ತಿದೀರಾ ಇದನ್ನ? ನೀವು?”

“ಹೌದು, ನಾನೇ! ನಂಗೆ ವಯಸ್ಸಾಯ್ತು, ಅಭ್ಯಾಸ ಬಿಡಲ್ಲ. ನಿಂಗೇನು ಧಾಡಿ? ನಾಲ್ಕು ವರ್ಷ, ನಾಲ್ಕು ವರ್ಷ ಕಣೇ! ಹೊಟ್ಟೆ ಉರೀತಿದೆ ನಂಗೆ.”

“ತಟ್ಟಿ ತಟ್ಟಿ ಗೋಡೆಗೆ ಒರಗಿ ಕೂತ್ಕೋತಾರೆ ಅಂತ ನಂಗೆ ಯಾಕ್ ಹೇಳಿದ್ರಿ ಹಾಗಾದ್ರೆ?” ಸೊಸೆಯ ದನಿ ಏರಿತು. “ನಾಲ್ಕು ವರ್ಷ ನಾನು ಆ ಕಡೆ ನೋಡೇ ಇರ್ಲಿಲ್ಲ. ಆರಾಮಾಗಿದ್ದೆ! ಹೇಳಿ ನನ್ನ ಆಟ ಹಾಳ್ ಮಾಡಿದ್ರಿ!”

“ಆಹಾ, ಈಗ ಎಲ್ಲ ನನ್ ಮೇಲೆ ಹಾಕು!”

“ಹಾಕ್ತೀನಿ!”

ಇಬ್ಬರೂ ಮೆಟ್ಟಿಲ ನಡುವೆ ನಿಂತು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಮೊದಲು ಯಾರು ನಕ್ಕರೋ ಹೇಳುವುದು ಕಷ್ಟ. ಅತ್ತೆಯಂತೂ ಕಟಾಂಜನ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತೇಬಿಟ್ಟರು. ಕಣ್ಣಲ್ಲಿ ನೀರು ಬರುವಷ್ಟು ನಗು. ಸೊಸೆ ಪಕ್ಕದಲ್ಲಿ ಕೂತು “ಆ ಆಡು… ಆ ಆಡು ಅತ್ತೆ…” ಎನ್ನುತ್ತಿದ್ದಳು, ಮುಂದೆ ಮಾತು ಹೊರಡುತ್ತಿರಲಿಲ್ಲ. ಕೆಳಗಿನಿಂದ ಓದುವವರು ತಲೆಯೆತ್ತಿ ನೋಡಿದರು. ಮೇಲಿನಿಂದ ಲೈಬ್ರರಿಯನ್ ‘ಶ್’ ಎಂದರು. ಅದರಿಂದ ನಗು ಇನ್ನಷ್ಟು ಜಾಸ್ತಿಯಾಯಿತೇ ಹೊರತು ನಿಲ್ಲಲಿಲ್ಲ.

ಮುಂದಿನ ಭಾನುವಾರ ಪಂದ್ಯವಿರಲಿಲ್ಲ. ಆಡುವುದಕ್ಕೆ ಕಾರಣವೂ ಇರಲಿಲ್ಲ. ಊಟವಾದ ಮೇಲೆ ಅತ್ತೆ ಪಾತ್ರೆ ತೊಳೆಯಲು ನಿಂತರು. ಎರಡು ತಟ್ಟೆ, ನಾಲ್ಕು ಲೋಟ, ಅದಕ್ಕೇ ಬೇಕೆಂದೇ ಅರ್ಧ ಗಂಟೆ ಮಾಡಿದರು. ಒಳಗಿನ ಕೋಣೆಯಲ್ಲಿ ಸೊಸೆ ಫೋನಿನಲ್ಲಿ ಮಾತಾಡುತ್ತಿದ್ದಳು. ಹಲ್ಲಿನ ಡಾಕ್ಟರ ರಿಸೆಪ್ಷನಿಸ್ಟ್ ಎಂದು ಮಗುವಿನ ಅಳು ಕೇಳಿಯೇ ಗೊತ್ತಾಯಿತು. ಅತ್ತೆ ನಲ್ಲಿಯನ್ನು ಸಣ್ಣದು ಮಾಡಿದರು. ಕದ್ದು ಕೇಳುವ ಚಾಳಿ ಅವರಿಗಿಲ್ಲ, ಅಂದರೆ ಅಲ್ಲಿಯವರೆಗೆ ಇರಲಿಲ್ಲ.

“ಹೂಂ, ಸೋತ್ವಿ… ಇಲ್ವೇ, ಬೇಜಾರೇನಿಲ್ಲ. ನಿಜವಾಗ್ಲೂ ಇಲ್ಲ… ಮುಂದಿನ್ ಸಲಾನಾ? ಬಾರೇ, ಖಂಡಿತ ಬಾ. ಆದ್ರೆ ಕುದುರೆ ಕಡೆ ಆಡು, ಅಲ್ಲಿ ಯಾರನ್ನಾದ್ರೂ ಜೊತೆ ಹುಡುಕ್ಕೋ. ಈ ಕಡೆ ಸೀಟಿಲ್ಲ.”

ಅತ್ತೆ ತೊಳೆದ ಲೋಟವನ್ನೇ ಇನ್ನೊಂದು ಸಲ ತೊಳೆದರು.

ಆಮೇಲೆ ಕುರ್ಚಿ ಎಳೆದ ಸದ್ದು. ಲ್ಯಾಪ್‌ಟಾಪ್ ತೆರೆದ ಸದ್ದು. ಸೊಸೆ ಏನೂ ಕೂಗಲಿಲ್ಲ. ಅತ್ತೆ ಬಾಗಿಲ ಬಳಿ ಬಂದು ಇಣುಕಿದರು. ಊಟದ ಮೇಜಿನ ಮೇಲೆ ಫ್ಲಾಸ್ಕಿನಿಂದ ಬಗ್ಗಿಸಿದ ಎರಡು ಲೋಟ ಟೀ ಇತ್ತು. ಪರದೆಯ ಮೇಲೆ ಎರಡು ಸಾಲು, ಮೊದಲನೆಯದರ ಮುಂದೆ ‘ಸಿದ್ಧ’ ಎಂಬ ಹಸಿರು ಗುರುತು, ಎರಡನೆಯದು ಖಾಲಿ. ಸೊಸೆ ಕೈಕಟ್ಟಿಕೊಂಡು, ಕಾಲನ್ನು ಇನ್ನೊಂದು ಕುರ್ಚಿಯ ಅಡ್ಡಪಟ್ಟಿಯ ಮೇಲೆ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು.

“ಕೈ ಒದ್ದೆ ಇದೆ ಕಣೇ,” ಎಂದರು ಅತ್ತೆ. “ನೀನು ಶುರು ಮಾಡ್ತಿರು.”

“ಒರೆಸ್ಕೊಂಡೇ ಬನ್ನಿ,” ಎಂದಳು ಸೊಸೆ, ತಿರುಗದೆ.

ಅತ್ತೆ ಹೆಗಲ ಮೇಲಿನ ಬಟ್ಟೆ ತೆಗೆದು ಕೈ ಒರೆಸಿಕೊಳ್ಳತೊಡಗಿದರು. ಮೊದಲು ಬಲಗೈ, ಒಂದೊಂದೇ ಬೆರಳು, ಆಮೇಲೆ ಎಡಗೈ.